ಕಾಮಾಲೆ ಎಲ್ಲಿಂದ ಬಂತು ಅಂತ ವೈರಸ್ಸನ್ನೇ ಕೇಳಬೇಕು

ಯುರೋಪಿನಲ್ಲಿ ಯಾರಿಗಾದರೂ ಹೆಪಟೈಟಿಸ್ ಎ, ಅಂದರೆ ಕೊಳಕು ನೀರು-ತಿನಿಸಿನಿಂದ ವೈರಸ್ ಅಂಟಿ ಬರುವ ಕಾಮಾಲೆ, ಬಂದರೆ ಮೊದಲು ಕೇಳುವುದೇ, 'ಇತ್ತೀಚೆಗೆ ಬೇರೆ ದೇಶಕ್ಕೆ ಹೋಗಿದ್ರಾ?' ಅಂತ. ಹೌದು ಅಂದರೆ ಅನುಮಾನವೆಲ್ಲ ಆ ದೇಶದ ನೀರಿನ ಮೇಲೆ. ಆದರೆ ಈ ವೈರಸ್ ಹೊಟ್ಟೆಗೆ ಹೋಗಿ ಕಣ್ಣು ಹಳದಿಯಾಗಲು 15ರಿಂದ 50 ದಿನ ಬೇಕು. ಹೋದ ತಿಂಗಳು ಯಾವ ಹೋಟೆಲಲ್ಲಿ ಏನು ತಿಂದೆ ಅಂತ ನಮಗೆ ಯಾರಿಗೆ ನೆನಪಿರುತ್ತೆ ಹೇಳಿ?

2013ರಲ್ಲಿ ಹೀಗೇ ಆಯಿತು. ಉತ್ತರ ಇಟಲಿಯ ಟ್ರೆಂಟಿನೊ ಕಡೆ ಹೋಗಿ ಬಂದ ಜರ್ಮನಿ, ನೆದರ್ಲೆಂಡ್ಸ್, ಪೋಲೆಂಡಿನ ಪ್ರವಾಸಿಗಳಿಗೆ ಕಾಮಾಲೆ ಕಾಣಿಸಿಕೊಂಡಿತು. ಪ್ರವಾಸದಲ್ಲಿ ಅಂಟಿದ್ದು ಅನ್ನೋದು ಸ್ಪಷ್ಟವೇ ಇತ್ತು. ಆಮೇಲೆ ಐರ್ಲೆಂಡಿನಲ್ಲೂ ರೋಗಿಗಳು ಸಿಕ್ಕರು. ಅವರು ಇಟಲಿಗೆ ಹೋದವರೇ ಅಲ್ಲ. ಆದರೆ ರಕ್ತದಲ್ಲಿದ್ದ ವೈರಸ್ಸಿನ ಅಕ್ಷರಗಳು ಇಟಲಿಯವರದ್ದಕ್ಕೆ ಸರಿಯಾಗಿ ಹೊಂದಿದವು.

ಅಕ್ಷರ ಅಂದರೆ ಜೀನೋಮಿನದ್ದು, ಅಂದರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹದ್ದು. ಇದು ಸುಮಾರು 7,500 ಅಕ್ಷರಗಳ ಆರ್‌ಎನ್‌ಎ ವೈರಸ್. ಲ್ಯಾಬಿನವರು ಸಾಮಾನ್ಯವಾಗಿ ಅದರ ವಿಪಿ1 ಮತ್ತು 2ಎ ಅನ್ನೋ ಭಾಗಗಳು ಸೇರುವ ಕಡೆ ಒಂದು ಸಣ್ಣ ತುಂಡನ್ನು ಮಾತ್ರ ಓದುತ್ತಾರೆ, 460 ಅಕ್ಷರದಷ್ಟು. ನೆದರ್ಲೆಂಡ್ಸಿನ ಸಾರ್ವಜನಿಕ ಆರೋಗ್ಯದ ಆರ್‌ಐವಿಎಂ ಸಂಸ್ಥೆ ನಡೆಸುವ 'ಹ್ಯಾವ್‌ನೆಟ್' ಲ್ಯಾಬುಗಳ ಬಳಗದಲ್ಲಿ ಸೇರಿರುವ ದೇಶದವರೆಲ್ಲ ಇದೇ ತುಂಡನ್ನು ಓದಿ ಹಂಚಿಕೊಳ್ಳುತ್ತಾರೆ. ಹಾಗಾಗಿ ಡಬ್ಲಿನ್ನಿನ ರೋಗಿಯನ್ನೂ ಟ್ರೆಂಟೊದ ರೋಗಿಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಈ ವೈರಸ್ ಬದಲಾಗುವುದು ನಿಧಾನ. ಸಂಬಂಧವೇ ಇಲ್ಲದ ಇಬ್ಬರಲ್ಲೂ ಸಣ್ಣ ತುಂಡು ಒಂದೇ ಥರ ಇದ್ದುಬಿಡಬಹುದು. ಅಂಥ ಕಡೆ ಪೂರ್ತಿ ಜೀನೋಮ್ ಓದಲೇಬೇಕು.

ಕೊನೆಗೆ ಸಿಕ್ಕಿದ್ದು ಫ್ರೋಜನ್ ಬೆರಿ ಹಣ್ಣಿನ ಮಿಶ್ರಣ. ಶೀತಕ್ಕೆ ಈ ವೈರಸ್ ಸಾಯುವುದಿಲ್ಲ. ಹಣ್ಣಿನ ಜಾಡು ಹಿಡಿದಾಗ ಬಲ್ಗೇರಿಯಾದ ಬ್ಲ್ಯಾಕ್‌ಬೆರಿ, ಪೋಲೆಂಡಿನ ರೆಡ್‌ಕರಂಟ್ ಮತ್ತೆಮತ್ತೆ ಎದುರಾದವು. ಎಲ್ಲ ಸೇರಿ 1,500ಕ್ಕೂ ಹೆಚ್ಚು ರೋಗಿಗಳು. ಫ್ರೋಜನ್ ಬೆರಿಯನ್ನು ಒಂದು ನಿಮಿಷ ಕುದಿಸಿಯೇ ತಿನ್ನಿ ಅಂತ ಐರ್ಲೆಂಡ್ ಸರ್ಕಾರದವರು ಜನರಿಗೆ ಹೇಳಿದರು. ಅದೇ ವರ್ಷ ಅಮೆರಿಕದಲ್ಲಿ ಟರ್ಕಿಯ ದಾಳಿಂಬೆ ಕಾಳಿನಿಂದ 160ಕ್ಕೂ ಹೆಚ್ಚು ಜನ ಮಲಗಿದರು. ಅಲ್ಲಿ ಸುಳಿವು ಕೊಟ್ಟಿದ್ದು ವೈರಸ್ಸಿನ 1ಬಿ ಅನ್ನೋ ಬಗೆ. ಅದು ಅಮೆರಿಕದಲ್ಲಿ ಅಪರೂಪ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದಲ್ಲಿ ಜಾಸ್ತಿ. ಜನ ಎಲ್ಲೂ ಹೋಗಿರಲಿಲ್ಲ, ತಿನಿಸೇ ಮನೆಗೆ ಬಂದಿತ್ತು.

ಇದನ್ನೆಲ್ಲ ಓದಿದಾಗ ನನಗೆ ಹೊಟ್ಟೆ ಉರಿಯುವುದು ನಮ್ಮ ಕಡೆ ನೆನೆದು. ನಮ್ಮಲ್ಲಿ ಸಾಮಾನ್ಯವಾಗಿ ಐಜಿಎಂ ಟೆಸ್ಟ್ (ಇತ್ತೀಚೆಗೆ ಸೋಂಕು ತಗುಲಿದೆ ಅಂತ ತೋರಿಸುವ ರಕ್ತಪರೀಕ್ಷೆ) ಪಾಸಿಟಿವ್ ಬಂತು ಅಂದರೆ ಮುಗೀತು. ರೆಸ್ಟ್ ಮಾಡಿ, ಎಣ್ಣೆ ಬಿಡಿ, ಮನೆಯಲ್ಲಿ ಅಜ್ಜಿ ನೆಲನೆಲ್ಲಿ ಅರೆದು ಕೊಡ್ತಾರೆ. ಯಾವ ಬಾವಿ, ಯಾವ ಟ್ಯಾಂಕರ್, ಯಾವ ಮದುವೆ ಮನೆಯ ಜ್ಯೂಸ್ ಅನ್ನೋದು ಬರೀ ಊಹೆ. ಓದುವ ಕೈ ನಮ್ಮಲ್ಲಿಲ್ಲ ಅಂತಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಾದ ಎನ್‌ಐವಿ ಈ ಕೆಲಸ ಮಾಡಿದೆ, ಭಾರತದಲ್ಲಿ 3ಎ ಬಗೆಯೇ ಹೆಚ್ಚು ಅಂತ ಗೊತ್ತಿದೆ. ಆದರೆ ಒಂದು ಊರಲ್ಲಿ ಕಾಮಾಲೆ ಎದ್ದಾಗ ಹತ್ತು ರೋಗಿಗಳ ರಕ್ತವನ್ನೂ ಅನುಮಾನದ ನೀರನ್ನೂ ಒಟ್ಟಿಗೆ ಓದುವುದು ರೂಢಿಯಾಗಬೇಕು. ಇಲ್ಲದಿದ್ದರೆ ನಮ್ಮ ವೈರಸ್ಸಿನ ಗುರುತು ರಜೆಗೆ ಇಲ್ಲಿಗೆ ಬಂದು ಲಂಡನ್ನಿಗೆ ವಾಪಸ್ ಹೋದ ಮಗುವಿನ ರಕ್ತದಲ್ಲೇ ಸಿಗಬೇಕಾಗುತ್ತೆ, ಇಲ್ಲಿ ಅದೇ ನೀರು ಕುಡಿಯುವವರಿಗೆ ಏನೂ ಗೊತ್ತಾಗಲ್ಲ.

ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಇಲ್ಲಿ ಬೆಳೆದ ನಿಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಇದು ಸದ್ದಿಲ್ಲದೆ ಬಂದು ಹೋಗಿರುತ್ತೆ, ಇನ್ನು ಬರಲ್ಲ. ಅಲ್ಲೇ ಹುಟ್ಟಿದ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ಲಕ್ಷಣವೇ ಕಾಣದು, ಆದರೆ ಅವರಿಂದ ಟೀಚರಿಗೋ ಪಕ್ಕದ ಮನೆಯವರಿಗೋ ಹರಡಬಹುದು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇಸಿಗೆ ರಜೆಗೆ ಮೊರಾಕೊಗೆ ಹೋಗಿ ಬಂದ ಮಕ್ಕಳ ಶಾಲೆಗಳಲ್ಲಿ ಇದೇ ಕಂಡಿತ್ತು, ಅದಕ್ಕೇ ರಜೆಗೆ ಮುಂಚೆ ಅವರಿಗೆ ಲಸಿಕೆ ಹಾಕುವ ಅಭಿಯಾನ ಶುರುವಾಯಿತು. ಅಮೆರಿಕದಲ್ಲಿ ಒಂದು ವರ್ಷ ತುಂಬಿದ ಮಕ್ಕಳಿಗೆಲ್ಲ ಈ ಲಸಿಕೆಯ ಶಿಫಾರಸು ಇದೆ. ಬ್ರಿಟನ್ನಿನ ಮಾಮೂಲಿ ಪಟ್ಟಿಯಲ್ಲಿ ಇಲ್ಲ, ನೀವೇ ಕೇಳಿ ಹಾಕಿಸಬೇಕು. ಊರಿಗೆ ಟಿಕೆಟ್ ಬುಕ್ ಮಾಡುವ ದಿನವೇ ಡಾಕ್ಟರಿಗೂ ಫೋನ್ ಮಾಡಿ.