ಬಟ್ಟಲಿನ ಕೆಳಗೆ ಎರಡು ನಿಘಂಟು

ನಮ್ಮ ಮನೆಗೆ ಬಂದವರು ಬುಗುರಿ ಎಂಬ ನಮ್ಮ ಬೆಕ್ಕನ್ನು ಕಂಡೊಡನೆ ಹೇಳುವ ಮೊದಲ ಮಾತು ‘ಅಯ್ಯೋ ಪಾಪ’. ಎರಡನೆಯದನ್ನು ದನಿ ತಗ್ಗಿಸಿ ಹೇಳುತ್ತಾರೆ: ‘ಒಂದು ಇಂಜೆಕ್ಷನ್ ಕೊಡಿಸಿ ಮುಕ್ತಿ ಕಾಣಿಸಬಾರದಿತ್ತೇ?’ ಅಷ್ಟು ಹೊತ್ತಿಗೆ ಬುಗುರಿ ಅವರದೇ ಕೈಚೀಲದೊಳಗೆ ಅರ್ಧ ಇಳಿದಿರುತ್ತಾಳೆ.

ಅವಳು ನಡೆದರೆ ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ತಾಯಿಯ ಹೊಟ್ಟೆಯಲ್ಲಿರುವಾಗ, ಬೆಕ್ಕುಗಳ ಸಾಂಕ್ರಾಮಿಕ ರೋಗವಾದ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ತಗುಲಿದರೆ ಮರಿಯ ಕಿರುಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಹೆಜ್ಜೆಯ ಅಳತೆ, ಮೈಯ ಸಮತೋಲ ನೋಡಿಕೊಳ್ಳುವ ಭಾಗ ಅದು. ಇದರಿಂದ ನೋವಿಲ್ಲ, ವಯಸ್ಸಾದಂತೆ ಉಲ್ಬಣಿಸುವುದೂ ಇಲ್ಲ. ಆಚೀಚೆ ಓಲಾಡುವುದು ನಮ್ಮ ಕಣ್ಣಿಗೆ. ಅವಳ ಮಟ್ಟಿಗೆ ಹುಟ್ಟಿದಾಗಿನಿಂದ ನೆಲ ಇರುವುದೇ ಹೀಗೆ.

ಪಾಪ ಎಂದು ನಾನೂ ಮೂರು ವಾರ ಕಳೆದಿದ್ದೇನೆ. ಮರಿ ಸೊರಗುತ್ತಿತ್ತು, ನಾನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆ. ಒಂದು ಸಂಜೆ ನೆಲದ ಮೇಲೆ ಬೋರಲು ಮಲಗಿ ಅವಳು ತಿನ್ನುವುದನ್ನು ನೋಡಿದೆ. ಬಾಯಿ ಆಹಾರಕ್ಕೆ ಹತ್ತಿರವಾದಷ್ಟೂ ತಲೆಯ ನಡುಕ ಹೆಚ್ಚುತ್ತಿತ್ತು. ಗದ್ದ ಬಟ್ಟಲಿನ ಅಂಚಿಗೆ ಬಡಿದು ಬಟ್ಟಲು ಮುಂದೆ ಜಾರುತ್ತಿತ್ತು, ಅವಳು ಬೆನ್ನು ಹತ್ತುತ್ತಿದ್ದಳು. ಹೀಗೆ ಕೋಣೆಯ ಅರ್ಧ ಪ್ರವಾಸ ಮುಗಿದರೂ ಹೊಟ್ಟೆಗೆ ಹೋದದ್ದು ನಾಲ್ಕು ಕಾಳು. ಗೋಡೆಯ ಪಕ್ಕ ಎರಡು ದಪ್ಪ ನಿಘಂಟುಗಳನ್ನು ಇಟ್ಟು, ಅದರ ಮೇಲೆ ಭಾರದ ಬಟ್ಟಲು ಇಟ್ಟೆ. ಬುಗುರಿ ಪಕ್ಕೆಯನ್ನು ಗೋಡೆಗೆ ಆನಿಸಿ ನಿಂತು ಬಟ್ಟಲು ಖಾಲಿ ಮಾಡಿದಳು. ಮೂರು ವಾರದ ನನ್ನ ಕಣ್ಣೀರಿಗೆ ಆಗದ ಕೆಲಸ ಅದು. (ನಿಘಂಟುಗಳನ್ನು ನಾನು ಅದಕ್ಕಿಂತ ಸದುಪಯೋಗ ಮಾಡಿದ್ದು ನೆನಪಿಲ್ಲ.)

ಕನಿಕರ ಅವಸರಕ್ಕೆ ಬೀಳುವುದನ್ನು ಕಂಡು ಕಂಡು ನನಗೆ ಆ ಪದದ ಮೇಲೆಯೇ ಸಿಟ್ಟು. ದಿನಗಟ್ಟಲೆ ಉಪವಾಸವಿದ್ದ ಬೆಕ್ಕಿಗೆ ಒಮ್ಮೆಲೇ ಹೊಟ್ಟೆ ಬಿರಿಯ ತಿನ್ನಿಸಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಸಂಚಕಾರ. ಚಳಿಗೆ ಮೈ ತಣ್ಣಗಾದ ಮರಿಗೆ ಮೊದಲು ಬೇಕಾದದ್ದು ಬಿಸುಪು, ಆಮೇಲೆ ಆಹಾರ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟವರಂತೂ ಒಬ್ಬಿಬ್ಬರಲ್ಲ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಕೊಲ್ಲಬಲ್ಲದು. ಕೊಟ್ಟವರೆಲ್ಲ ಒಳ್ಳೆಯ ಮನಸ್ಸಿನವರೇ.

ಇನ್ನು ನಮ್ಮ ಎರಡನೆಯ ಬೆಕ್ಕು ಕರಿಯ. ಅವನ ಹಿಂಗಾಲುಗಳಿಗೆ ಸ್ವಾಧೀನವಿಲ್ಲ, ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ. ದಿನಕ್ಕೆ ಮೂರು ಸಲ ನಾನೇ ಒತ್ತಿ ಖಾಲಿ ಮಾಡಿಸಬೇಕು. ಹೊಟ್ಟೆಯ ಕೆಳಗೆ ಎರಡೂ ಬದಿಯಿಂದ ಬೆರಳಿಟ್ಟರೆ ನೀರು ತುಂಬಿದ ಪುಟ್ಟ ಬಲೂನು ಸಿಕ್ಕಂತೆ ಸಿಕ್ಕು ಜಾರುತ್ತದೆ. ಬಲವಾಗಿ ಒತ್ತಿದರೆ ಅಪಾಯ, ಉಳಿಸಿದರೆ ಸೋಂಕು. ವೈದ್ಯರು ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಕಲಿಸಿದರು. ಮೊದಲ ವಾರ ನನ್ನ ಕೈ ಬುಗುರಿಯ ತಲೆಗಿಂತ ಹೆಚ್ಚು ನಡುಗುತ್ತಿತ್ತು. ಎರಡು ವರ್ಷಗಳಿಂದ ನಾನು ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ.

ಅದಕ್ಕೇ, ‘ಹೇಗೂ ಎರಡಿವೆಯಲ್ಲ, ಇದೊಂದನ್ನೂ ಇಟ್ಟುಕೊಳ್ಳಿ’ ಎಂದು ಕುರುಡು ಮರಿಯ ಫೋಟೊ ಕಳಿಸಿದವರಿಗೆ ಮೊನ್ನೆ ಆಗುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು, ನನಗೂ ನಿದ್ದೆ ಬರಲಿಲ್ಲ. ಆದರೂ ಮಾತು ಬದಲಿಸುವುದಿಲ್ಲ. ಕರುಣೆಯಿಂದ ತುಂಬಿಸಿಕೊಂಡ ಮನೆಯಲ್ಲೇ ಬೆಕ್ಕುಗಳು ಎರಡನೆಯ ಸಲ ಅನಾಥವಾದದ್ದನ್ನು ನೋಡಿದ್ದೇನೆ. ಮರಿಯನ್ನು ನೀವೇ ಸಾಕಿ, ಮೇಜು ಕುರ್ಚಿಗಳ ಜಾಗ ಬದಲಿಸಬೇಡಿ, ಮೀಸೆ ಮತ್ತು ನೆನಪಿನ ಬಲದ ಮೇಲೆ ಅದು ಮನೆಯನ್ನೆಲ್ಲ ಕಲಿತುಬಿಡುತ್ತದೆ ಎಂದು ಬರೆದೆ. ಉತ್ತರ ಬಂದಿಲ್ಲ.

ಇಂಜೆಕ್ಷನ್ನಿಗೆ ನಾನು ವಿರೋಧಿಯಲ್ಲ. ಒಮ್ಮೆ ನಾನೇ ಒಪ್ಪಿಗೆ ಕೊಟ್ಟಿದ್ದೇನೆ: ಔಷಧಿಗೆ ಬಗ್ಗದ ನೋವಿನಲ್ಲಿದ್ದ ಮುದಿ ಬೆಕ್ಕು ತಿನ್ನುವುದನ್ನು ಬಿಟ್ಟಿತ್ತು, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿತ್ತು. ಬುಗುರಿ ದಿನಕ್ಕೆ ಹತ್ತು ಸಲ ಮೈ ನೆಕ್ಕಿಕೊಳ್ಳಲು ಹೋಗಿ ಹತ್ತು ಸಲವೂ ಉರುಳುತ್ತಾಳೆ. ಉರುಳಿದಲ್ಲೇ ಮಲಗಿ ಮುಂದುವರಿಸುತ್ತಾಳೆ.

ಇನ್ನೂ ಬರೆಯುವುದಿತ್ತು. ಕರಿಯ ಮುಂಗಾಲುಗಳ ಮೇಲೆ ಎಳೆದುಕೊಂಡು ಬಂದು ನನ್ನ ಪಾದದ ಮೇಲೆ ಗದ್ದ ಊರಿದ್ದಾನೆ. ಅವನ ಹೊತ್ತಾಯಿತು.