ಜಾತಕ ಕೂಡಿದರೆ ಸಾಕಾ?

ಬೌದ್ಧ ಧರ್ಮದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿಷಯ ಇದೆ. ಮದುವೆ ಮಾಡಿಸುವ ಕೆಲಸಕ್ಕೆ ಅದು ಕೈ ಹಾಕಲೇ ಇಲ್ಲ. ಭಿಕ್ಷು ಒಬ್ಬ ಗಂಡು ಹೆಣ್ಣಿನ ನಡುವೆ ಮಾತು ತಂದು ಸಂಬಂಧ ಕುದುರಿಸಿದರೆ, ವಿನಯ ಅನ್ನುವ ಭಿಕ್ಷುಗಳ ಶಿಸ್ತಿನ ನಿಯಮದ ಪ್ರಕಾರ ಅದು ದೊಡ್ಡ ತಪ್ಪು. ಅದಕ್ಕೆ ಸಂಘದ, ಅಂದರೆ ಭಿಕ್ಷುಗಳ ಕೂಟದ ಮುಂದೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಮದುವೆ ಮನೆಮಂದಿಯ ವ್ಯವಹಾರ, ಅವರೇ ನೋಡಿಕೊಳ್ಳಲಿ. ಆದರೆ ಮದುವೆಯಾದ ಮೇಲೆ ಹೇಗೆ ಬಾಳಬೇಕು ಅನ್ನೋದರ ಬಗ್ಗೆ ಬುದ್ಧ ಬೇಕಾದಷ್ಟು ಮಾತಾಡಿದ್ದಾನೆ.

ನಮ್ಮಲ್ಲಿ ಇದು ಪೂರ್ತಿ ಉಲ್ಟಾ. ದಾವಣಗೆರೆಯಲ್ಲಿ ಲಗ್ನದ ತಿಂಗಳು ಬಂತೆಂದರೆ ಕಲ್ಯಾಣ ಮಂಟಪ ಸಿಗೋದು ಕಷ್ಟ. ಸಾಲ ಮಾಡಿಯಾದರೂ ಊಟ, ಒಡವೆ, ಉಡುಗೊರೆ ಎಲ್ಲಾ ಆಗಲೇಬೇಕು. ನಮ್ಮ ನೆಂಟರಲ್ಲೇ ಒಂದು ಸಂಬಂಧ ಮುರಿದು ಬಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಜಾತಕ ಕೂಡಲಿಲ್ಲವಂತೆ. ನನಗೆ ಈಗಲೂ ಸಂಕಟ ಆಗುತ್ತೆ.

ಬುದ್ಧನ ಕಾಲದಲ್ಲಿ ನಕುಲಪಿತ, ನಕುಲಮಾತಾ ಅಂತ ಒಂದು ಜೋಡಿ ಇತ್ತು. ಈ ಜನ್ಮದಲ್ಲಿ ಜೊತೆಗಿದ್ದೇವೆ, ಮುಂದಿನ ಜನ್ಮದಲ್ಲೂ ಒಬ್ಬರನ್ನೊಬ್ಬರು ನೋಡಬೇಕು ಅಂತ ಆಸೆ, ಏನು ಮಾಡಬೇಕು ಅಂತ ಇಬ್ಬರೂ ಬುದ್ಧನನ್ನೇ ಕೇಳಿದರು. ಆಸೆಯೇ ದುಃಖ ಅಂತ ಅವನು ಅವರನ್ನು ಗದರಿಸಿ ಕಳಿಸಲಿಲ್ಲ. ನಂಬಿಕೆ, ನಡತೆ, ಕೊಡುವ ಮನಸ್ಸು, ತಿಳುವಳಿಕೆ ಈ ನಾಲ್ಕರಲ್ಲಿ ಇಬ್ಬರೂ ಸಮನಾಗಿರಿ ಅಂದ. ಕುಲ, ನಕ್ಷತ್ರದ ಮಾತೇ ಇಲ್ಲ ನೋಡಿ.

ಒಮ್ಮೆ ನಕುಲಪಿತನಿಗೆ ಕಾಯಿಲೆ ಜೋರಾಯಿತು. ಆಗ ಹೆಂಡತಿ ಹೇಳಿದ ಮಾತು ನನಗೆ ಜಾಸ್ತಿ ಇಷ್ಟ. ಚಿಂತೆ ಇಟ್ಟುಕೊಂಡು ಸಾಯಬೇಡಿ, ನನಗೆ ಹತ್ತಿ ನೂಲೋದು ಗೊತ್ತು, ಮಕ್ಕಳನ್ನು ಸಾಕಿ ಮನೆ ನಡೆಸುತ್ತೇನೆ ಅಂದಳು. ಹತ್ತಿ ಗಿರಣಿಗಳಿಂದಲೇ ಬೆಳೆದ ನಮ್ಮ ಊರಿನವರಿಗೆ ಈ ಧೈರ್ಯ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಅವನು ಗುಣವಾಗಿ, ಕೋಲೂರಿಕೊಂಡು ಬುದ್ಧನ ಹತ್ತಿರ ಹೋದ. ಬುದ್ಧಿ ಹೇಳುವ ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಭಾಗ್ಯ ಅಂದನಂತೆ ಬುದ್ಧ.

ಇನ್ನು ಕಾಮದ ವಿಷಯ. ಬೌದ್ಧರೆಂದರೆ ಎಲ್ಲವನ್ನೂ ಬಿಟ್ಟವರು ಅಂತ ಸುಮ್ನೆ ಅಂದುಕೊಂಡಿದ್ದೇವೆ. ಪೂರ್ತಿ ಬ್ರಹ್ಮಚರ್ಯ ಇರೋದು ಭಿಕ್ಷು, ಭಿಕ್ಷುಣಿಯರಿಗೆ. ಅದನ್ನು ಮುರಿದರೆ ಸಂಘದಲ್ಲಿ ಜಾಗ ಇಲ್ಲ. ಸಂಸಾರಸ್ಥರಿಗೆ ಇರೋದು ಪಂಚಶೀಲದ ಮೂರನೆಯ ಶೀಲ, ಕಾಮದಲ್ಲಿ ತಪ್ಪು ನಡೆ ಬೇಡ ಅನ್ನೋದು. ಗಂಡ ಹೆಂಡತಿಯ ಪ್ರೀತಿಯನ್ನು ಅದು ಪಾಪ ಅನ್ನೋದಿಲ್ಲ.

ಅಶೋಕನೂ ಮದುವೆಯ ಆಡಂಬರದ ಬಗ್ಗೆ ಬರೆಸಿದ್ದಾನೆ. ಆಂಧ್ರದ ಎರ್ರಗುಡಿಯ ಬಂಡೆಗಳ ಮೇಲೂ ಇರುವ ಅವನ ಒಂಬತ್ತನೆಯ ಶಾಸನ ನೋಡಿ. ಮಕ್ಕಳ ಮದುವೆಗೆ ಜನ ಏನೇನೋ ಶಾಸ್ತ್ರ ಮಾಡುತ್ತಾರೆ, ಅದರಿಂದ ಸಿಗುವ ಫಲ ಕಡಿಮೆ, ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳೋದೇ ನಿಜವಾದ ಮಂಗಳ ಕಾರ್ಯ ಅನ್ನುತ್ತದೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಶಾಸನವೂ ತಂದೆ ತಾಯಿ, ಗುರು, ನೆಂಟರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತಲೇ ಹೇಳುತ್ತದೆ. ಮೊಳಕಾಲ್ಮೂರು ಕಡೆ ಹೋದವರು ದಯವಿಟ್ಟು ಒಮ್ಮೆ ನೋಡಿ ಬನ್ನಿ.

ಹಾಗಂತ ಎಲ್ಲವನ್ನೂ ನಾನು ಒಪ್ಪೋದಿಲ್ಲ. ಬುದ್ಧನ ಭಕ್ತನಾಗಿದ್ದ ಶ್ರೀಮಂತ ವ್ಯಾಪಾರಿ ಅನಾಥಪಿಂಡಿಕನ ಸೊಸೆ ಸುಜಾತೆಗೆ ಬುದ್ಧ ಏಳು ಬಗೆಯ ಹೆಂಡತಿಯರ ಬಗ್ಗೆ ಹೇಳುತ್ತಾನೆ. ಬೈದರೂ ಹೆದರಿಸಿದರೂ ಸಹಿಸಿಕೊಂಡಿರುವ, ದಾಸಿಯಂಥ ಹೆಂಡತಿಯನ್ನು ಅಲ್ಲಿ ಹೊಗಳಿದ್ದಾನೆ. ಗೆಳತಿಯಂಥ ಹೆಂಡತಿಯೂ ಆ ಪಟ್ಟಿಯಲ್ಲಿದ್ದಾಳೆ, ಆದರೆ ಸುಜಾತೆ ಆರಿಸಿಕೊಂಡಿದ್ದು ದಾಸಿಯ ಪಾತ್ರವನ್ನು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಡೆತ, ಬೈಗುಳ ತಿಂದು ತವರಿಗೆ ಬಂದ ಹೆಣ್ಣುಮಕ್ಕಳಿಗೆ ನಾವು ಈಗಲೂ ಇದನ್ನೇ ತಾನೇ ಹೇಳಿ ವಾಪಸ್ ಕಳಿಸೋದು?

ಸಿಗಾಲ ಅನ್ನುವ ಯುವಕನಿಗೆ ಹೇಳಿದ ಮಾತು ಬೇರೆಯೇ ಇದೆ. ಹೆಂಡತಿಗೆ ಗೌರವ ಕೊಡು, ಕೀಳಾಗಿ ಕಾಣಬೇಡ, ಮೋಸ ಮಾಡಬೇಡ, ಮನೆಯ ಅಧಿಕಾರ ಅವಳಿಗೆ ಬಿಡು, ಒಡವೆ ಕೊಡಿಸು. ಗಂಡನಿಗೂ ಐದು ಕರ್ತವ್ಯ, ಹೆಂಡತಿಗೂ ಐದು. ಮೋಸ ಬೇಡ ಅನ್ನೋದು ಇಬ್ಬರಿಗೂ ಇದೆ. ಮದುವೆ ಮನೆಯಲ್ಲಿ ಯಾರಾದರೂ ಸುಜಾತೆಯ ಕಥೆ ಹೇಳಿದರೆ ನಾನು ಎದ್ದು ನಿಂತು ಬೇಡ ಅನ್ನುತ್ತೇನೆ. ಸಿಗಾಲನಿಗೆ ಹೇಳಿದ್ದನ್ನು ಓದಲಿ, ಅದೂ ಗಂಡಿನ ಕಡೆಯವರೆಲ್ಲ ಕೂತಿರುವಾಗ.