ಗಂಟಲಿಗೆ ಸಿಕ್ಕದ ಊರು

ನೆದರ್ಲೆಂಡ್ಸಿನ ಹೇಗ್ ನಗರಕ್ಕೆ ಬಂದ ಹೊಸತರಲ್ಲಿ ಎದುರು ಮನೆಯ ಅಜ್ಜಿಗೆ "ಭಾನುವಾರ ಶೆವೆನಿಂಗನ್ ಕಡಲತೀರಕ್ಕೆ ಹೋಗುತ್ತಿದ್ದೇನೆ" ಎಂದೆ. ಅಜ್ಜಿ ಕಣ್ಣು ಕಿರಿದು ಮಾಡಿ, "ಯುದ್ಧದ ಕಾಲವಾಗಿದ್ದರೆ ನಿಮ್ಮನ್ನು ಹಿಡಿದುಕೊಡುತ್ತಿದ್ದರು" ಎಂದರು. ಜರ್ಮನ್ನರ ನಾಲಿಗೆಗೆ ಆ ಹೆಸರು 'ಶ'ಕಾರದಿಂದಲೇ ಶುರುವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅದನ್ನು ಹೇಳಿಸಿಯೇ ಡಚ್ಚರು ಜರ್ಮನ್ ಗೂಢಚಾರರನ್ನು ಪತ್ತೆ ಹಚ್ಚುತ್ತಿದ್ದರೆಂಬ ಕಥೆ ಇಲ್ಲಿ ಮನೆಮಾತು. ಸರಿಯಾಗಿ ಹೇಳಿದರೆ ಅದು ಹೆಚ್ಚುಕಡಿಮೆ 'ಸ್‌ಖೇವನಿಂಗ'. ಆ ಖಕಾರ ನಮ್ಮ ಖಡ್ಗದ್ದಲ್ಲ, ಗಂಟಲ ತಳದಲ್ಲಿ ತೆಂಗಿನಕಾಯಿ ತುರಿದಂಥದ್ದು. ಮೇಷ್ಟರ ಬೆತ್ತಕ್ಕೆ ಹೆದರಿ ಮಹಾಪ್ರಾಣ ಕಲಿತವನೆಂಬ ನನ್ನ ಹೆಮ್ಮೆ ಅಲ್ಲಿಗೆ ಮಣ್ಣುಪಾಲಾಯಿತು.

ಒಂದನೇ ನಂಬರಿನ ಟ್ರಾಮ್ ಇಳಿಯುತ್ತಲೇ ಮಳೆ. ಊರಿಂದ ತಂದಿದ್ದ ಕೊಡೆ ಬಿಚ್ಚಿದೆ. ಅದು ಮೇಲ್ಮುಖವಾಗಿ ಅರಳಿ, ಎರಡು ಕಡ್ಡಿ ಮುರಿದುಕೊಂಡು, ನನ್ನನ್ನೂ ಹತ್ತು ಹೆಜ್ಜೆ ಎಳೆದೊಯ್ದಿತು. ಇದೇ ಮರಳಿನ ಮೇಲೆ 1602ರ ಸುಮಾರಿಗೆ ಗಣಿತಜ್ಞ ಸೀಮೊನ್ ಸ್ಟೇವಿನ್ ಗಾಡಿಗೆ ಹಾಯಿ ಕಟ್ಟಿ, ರಾಜಕುಮಾರ ಮೌರಿಟ್ಸ್ ಮತ್ತವನ ಅತಿಥಿಗಳನ್ನು ಕೂರಿಸಿ ಉತ್ತರದ ಕಡಲೂರು ಪೆಟ್ಟೆನ್‌ವರೆಗೆ ಓಡಿಸಿದ್ದನಂತೆ. ಅವನ ಬಳಿ ಚಕ್ರಗಳಿದ್ದವು, ನನ್ನ ಬಳಿ ಚಪ್ಪಲಿ.

ಓಡಿ ಹಳೆಯ ಚರ್ಚಿನ ಗೋಡೆಯ ಮರೆಗೆ ನಿಂತೆ. ಅದು ಮೊದಲು ಊರ ನಡುವೆ ಇತ್ತು. 1570ರ ಪ್ರವಾಹ ಅರ್ಧ ಊರನ್ನೇ ನುಂಗಿದ ಮೇಲೆ, ನಿಂತಲ್ಲೇ ನಿಂತು ಕಡಲ ನೆರೆಯದಾಯಿತು. ಜನರೂ ಗಟ್ಟಿಗರು. ಬಂದರೇ ಇಲ್ಲದೆ, ಚಪ್ಪಟೆ ತಳದ ದೋಣಿಗಳನ್ನು ಮರಳಿಗೇ ಎಳೆದಿಡುತ್ತಿದ್ದರು. 1894ರ ಡಿಸೆಂಬರ್ ಬಿರುಗಾಳಿ ಆ ದೋಣಿಗಳನ್ನು ಚಚ್ಚಿ ಹಾಕಿದ ಮೇಲೆಯೇ, 1904ರಲ್ಲಿ, ಬಂದರು ಬಂದದ್ದು. ನನಗಾದರೋ ಒಂದೇ ಕೊಡೆಗೆ ಬುದ್ಧಿ ಬಂತು.

ಮಳೆ ನಿಂತಾಗ ಹಸಿವು. ಅಂಗಡಿಯ ಮುಂದೆ ಒಬ್ಬರು ಉಪ್ಪಿನಲ್ಲಿ ಹದಗೊಳಿಸಿದ ಹೆರಿಂಗ್ ಮೀನನ್ನು ಈರುಳ್ಳಿ ಚೂರಿಗೆ ಒತ್ತಿ, ಬಾಲ ಹಿಡಿದು, ಆಕಾಶ ನೋಡುತ್ತ ಬಾಯಿಗೆ ಇಳಿಸುತ್ತಿದ್ದರು. ಸಸ್ಯಾಹಾರಿಯಾದ ನಾನು ಕರಿದ ಆಲೂಗಡ್ಡೆ ಕೊಂಡೆ. ಮೂರನೆಯ ತುಂಡು ಬಾಯಿಗೆ ಬರುವ ಮೊದಲೇ ಕಡಲಹಕ್ಕಿಯೊಂದು ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಮೀನು ತಿನ್ನುತ್ತಿದ್ದವರು ಒಂದು ಕೈಯನ್ನು ಮೊದಲಿನಿಂದಲೂ ಮೀನಿನ ಮೇಲೆ ಮರೆಯಾಗಿ ಹಿಡಿದಿದ್ದನ್ನು ಆಗ ಗಮನಿಸಿದೆ.

ಎರಡು ದಿನ ಮೂಗು ಸೋರಿ ಗಂಟಲು ಕಟ್ಟಿತು. ಮೆಟ್ಟಿಲಲ್ಲಿ ಸಿಕ್ಕ ಅಜ್ಜಿ, "ಈ ಶೀತ ಎಲ್ಲಿ ಹಿಡಿಯಿತು?" ಎಂದರು. ಕಫ ಸರಿಸಿಕೊಳ್ಳುತ್ತ ಊರ ಹೆಸರು ಹೇಳಿದೆ.

ಅಜ್ಜಿ ಕೈಚೀಲ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.